ಶಾಲೆಯಲ್ಲಿ ಸಮವಸ್ತ್ರ ಕಡ್ಡಾಯವಾಗಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ ಕೇಳಿದವರು:
ನಮ್ಮ ಮಕ್ಕಳ ಶಾಲೆಯಲ್ಲಿ ಇದುವರೆಗೆ ಸಮವಸ್ತ್ರವಿರಲಿಲ್ಲ. ಮುಂದಿನ ವರ್ಷದಿಂದ ಅದನ್ನು ಕಡ್ಡಾಯಗೊಳಿಸುವ ಪ್ರಸ್ತಾಪ ಬಂದಿದ್ದು, ಬರುವ ವಾರದ ಪಾಲಕರ ಸಭೆಯಲ್ಲಿ ನಾನೂ ಅಭಿಪ್ರಾಯ ತಿಳಿಸಬೇಕಾಗಿದೆ. ಎಂಟು ವರ್ಷದ ಮಗಳಿಗೆ ಸಂತೋಷವಾಗಿದೆ; ಆದರೆ ಅವಳ ಚರ್ಮ ಸೂಕ್ಷ್ಮ, ಒರಟು ಬಟ್ಟೆ ತೊಟ್ಟರೆ ಕತ್ತಿನ ಸುತ್ತ ದದ್ದು ಏಳುತ್ತದೆ. ಹದಿಮೂರು ವರ್ಷದ ಮಗ ಇದನ್ನು ಒಪ್ಪುತ್ತಲೇ ಇಲ್ಲ. ಎರಡೂ ಬಗೆಯ ಶಾಲೆಗಳನ್ನು ಕಂಡವರು ಅನುಭವ ಹಂಚಿಕೊಂಡರೆ ಉಪಕಾರವಾಗುತ್ತದೆ.

ಮೂವರು ಮಕ್ಕಳ ತಾಯಿ:
ಒಪ್ಪಿಗೆ ಕೊಡುವ ಮುನ್ನ ಉಡುಪುಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ನಾನು ಹಾಗೆ ಮಾಡಲಿಲ್ಲ. ‘ಖರ್ಚು ಕಡಿಮೆಯಾಗುತ್ತದೆ’ ಎಂದು ಸಭೆಯಲ್ಲಿ ಹೇಳಿದಾಗ ಮೊದಲು ಕೈಯೆತ್ತಿದವಳು ನಾನೇ. ಆಮೇಲೆ ಬಂದ ಪಟ್ಟಿಯಲ್ಲಿ ಒಬ್ಬೊಬ್ಬ ಮಗನಿಗೂ ನಿತ್ಯದ ಉಡುಪು ಮೂರು ಜೊತೆ, ವಾರಕ್ಕೊಮ್ಮೆ ತೊಡುವ ಬಿಳಿಯದು ಎರಡು ಜೊತೆ, ಆಟದ ಉಡುಪು ಎರಡು ಜೊತೆ, ಕಪ್ಪು ಬೂಟು, ಬಿಳಿ ಬೂಟು, ಟೈ, ಬೆಲ್ಟು, ಲಾಂಛನ ಹೊಲಿದ ಸ್ವೆಟರು ಇದ್ದವು. ಎಲ್ಲವನ್ನೂ ಶಾಲೆ ಗೊತ್ತುಮಾಡಿದ ಒಬ್ಬನೇ ವ್ಯಾಪಾರಿಯಲ್ಲಿ ಕೊಳ್ಳಬೇಕಿತ್ತು. ಮೂವರಿಗೂ ಸೇರಿ ನನ್ನ ತಿಂಗಳ ಸಂಬಳದ ಅರ್ಧಕ್ಕಿಂತ ಹೆಚ್ಚು ಹೋಯಿತು, ಮನೆಯಲ್ಲಿ ತೊಡುವ ಬಟ್ಟೆಗಳ ಖರ್ಚು ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ದೊಡ್ಡವನದು ನಡುವಿನವನಿಗೆ, ನಡುವಿನವನದು ಕಿರಿಯವನಿಗೆ ಆದೀತೆಂದು ಸಮಾಧಾನ ಮಾಡಿಕೊಂಡಿದ್ದೆ. ಮೂರನೆಯ ವರ್ಷ ಶಾಲೆಯ ಲಾಂಛನವೇ ಬದಲಾಯಿತು. ಒಂದು ರಾತ್ರಿ ಕುಳಿತು ಸ್ವೆಟರಿನ ಹಳೆಯ ಲಾಂಛನವನ್ನು ಬ್ಲೇಡಿನಿಂದ ಒಂದೊಂದೇ ಎಳೆಯಾಗಿ ಬಿಚ್ಚಿ, ಹೊಸದನ್ನು ಆ ಜಾಗದಲ್ಲಿ ಹೊಲಿದೆ. ಹೊಸದು ಗಾತ್ರದಲ್ಲಿ ಚಿಕ್ಕದಾದ್ದರಿಂದ ಅದರ ಸುತ್ತ ಹಳೆಯ ಸೂಜಿತೂತುಗಳ ಸಾಲು ಉಳಿಯಿತು, ಆ ಸಾಲಿನೊಳಗಿನ ಬಟ್ಟೆ ಬಿಸಿಲು ಕಾಣದೆ ಉಳಿದ ಕಡುಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಮರುದಿನ ಬೆಳಗಿನ ತಪಾಸಣೆಯಲ್ಲಿ ಆ ತೂತುಗಳ ಮೇಲೆ ಬೆರಳಿಟ್ಟು ‘ಇದು ಯಾರ ಸ್ವೆಟರು?’ ಎಂದು ಎಲ್ಲರೆದುರು ಕೇಳಿದರು. ಅಂದಿನಿಂದ ನನ್ನ ಕಿರಿಯ ಮಗ ಚಳಿಯಲ್ಲೂ ಅದನ್ನು ಚೀಲದಿಂದ ಹೊರತೆಗೆಯಲಿಲ್ಲ.

ಒಬ್ಬಳೇ ಮಗಳ ತಂದೆ:
ಮೇಲೆ ಬರೆದವರ ನೋವು ಅರ್ಥವಾಗುತ್ತದೆ, ಆದರೆ ಅದು ಆ ಶಾಲೆಯ ಮೇಲಿನ ದೂರೇ ಹೊರತು ಸಮವಸ್ತ್ರದ ಮೇಲಿನದಲ್ಲ. ನನ್ನ ಮಗಳು ನಾಲ್ಕು ವರ್ಷ ಸಮವಸ್ತ್ರವಿಲ್ಲದ ಶಾಲೆಯಲ್ಲಿ ಓದಿದಳು. ಒಂದು ದಿನ ಅವಳ ಗಣಿತದ ನೋಟುಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ ಒಂದು ಕೋಷ್ಟಕ ಕಂಡಿತು. ಎಡಗಡೆ ದಿನಾಂಕಗಳು, ಬಲಗಡೆ ‘ನೀಲಿ’, ‘ಹೂವಿನದು’, ‘ಅತ್ತೆ ಕೊಟ್ಟದ್ದು’. ಒಂದೇ ಉಡುಪು ಹತ್ತು ದಿನಗಳೊಳಗೆ ಎರಡು ಸಲ ಬಾರದಂತೆ ಅವಳು ಲೆಕ್ಕವಿಡುತ್ತಿದ್ದಳು, ಇದ್ದದ್ದು ಐದೇ ಜೊತೆ. ಲೆಕ್ಕ ಹೊಂದದ ದಿನ ಅವಳಿಗೆ ಹೊಟ್ಟೆನೋವು. ಮೂರು ಸಲ ವೈದ್ಯರ ಬಳಿಗೆ ಕರೆದೊಯ್ದು, ರಕ್ತಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಹೇಳಿಸಿಕೊಂಡು ಬಂದವನು ನಾನು. ಸಮವಸ್ತ್ರವಿರುವ ಶಾಲೆಗೆ ಸೇರಿಸಿದ ಮೇಲೆ ಆ ನೋವು ಮತ್ತೆ ಬರಲಿಲ್ಲ.

ಪಶ್ಚಿಮ ಕೀನ್ಯಾದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಮವಸ್ತ್ರ ಕೊಟ್ಟು ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಅಲ್ಲಿ ಅರ್ಧಕ್ಕೆ ಶಾಲೆ ಬಿಡುವವರ ಪ್ರಮಾಣ ಇಳಿಯಿತು. ಸಮವಸ್ತ್ರದಿಂದ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ ಎಂಬುದಕ್ಕೆ ಇನ್ನೇನು ಬೇಕು?

ಮೂವರು ಮಕ್ಕಳ ತಾಯಿ:
ಸರ್, ಆ ಅಧ್ಯಯನದಲ್ಲಿ ಸಮವಸ್ತ್ರವನ್ನು ಉಚಿತವಾಗಿ ಕೊಟ್ಟಿದ್ದರು ಎಂಬುದನ್ನು ತಾವೇಕೆ ಬಿಟ್ಟಿರಿ? ಕೊಳ್ಳಲೇಬೇಕಾದ ಉಡುಪಿನ ಹೊರೆಯನ್ನು ಹೆತ್ತವರ ಮೇಲಿಂದ ಇಳಿಸಿದಾಗ ಮಕ್ಕಳು ಉಳಿದರು ಎಂದರೆ, ಆ ಹೊರೆ ಅಷ್ಟು ದೊಡ್ಡದಾಗಿತ್ತು ಎಂದೇ ಅರ್ಥ. ಅದು ನನ್ನ ಮಾತಿಗೆ ಆಧಾರವಾಗುತ್ತದೆ, ತಮ್ಮ ಮಾತಿಗಲ್ಲ.

ನಿವೃತ್ತ ಶಿಕ್ಷಕಿ:
ಖರ್ಚಿನ ವಿಷಯ ತಾವುಗಳು ಚರ್ಚಿಸಿ. ನಾನು ಶಿಸ್ತಿನ ಬಗ್ಗೆ ಹೇಳಬೇಕು, ಏಕೆಂದರೆ ಆ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಶಾಲಾ ಜಿಲ್ಲೆ 1994ರಲ್ಲಿ ಕೆಳಗಿನ ಮತ್ತು ಮಧ್ಯಮ ತರಗತಿಗಳ ಮಕ್ಕಳಿಗೆ ಸಮವಸ್ತ್ರವನ್ನು ಕಡ್ಡಾಯಗೊಳಿಸಿತು. ಜಗಳ, ಹೊಡೆದಾಟಗಳು ಇಳಿದವೆಂದು ವರದಿಯಾಯಿತು. 1996ರ ಭಾಷಣದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕೂಡ ಸಮವಸ್ತ್ರದ ಪರವಾಗಿ ಮಾತನಾಡಿದರು. ಆದರೆ 1998ರಲ್ಲಿ ಬ್ರನ್ಸ್ಮಾ ಮತ್ತು ರಾಕ್‌ಮೋರ್ ಎಂಬ ಸಮಾಜಶಾಸ್ತ್ರಜ್ಞರು ಹತ್ತನೆಯ ತರಗತಿಯ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ, ಹಾಜರಾತಿಯ ಮೇಲಾಗಲಿ ನಡವಳಿಕೆಯ ಮೇಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ.

ಮೂವತ್ತೊಂದು ವರ್ಷ ಎರಡೂ ಬಗೆಯ ಶಾಲೆಗಳಲ್ಲಿ ಪಾಠ ಮಾಡಿದ ನನಗೂ ಕಾಣಲಿಲ್ಲ. ಕಂಡದ್ದು ಬೆಳಗಿನ ತಪಾಸಣೆ. ಬೂಟು, ಕಾಲುಚೀಲ, ಉಗುರು, ಟೈಯ ಗಂಟು ಎಂದು ದಿನಕ್ಕೆ ಹದಿನೈದು ನಿಮಿಷ ಮೊದಲನೆಯ ಪಾಠದಿಂದ ಹೋಗುತ್ತಿತ್ತು. ಬೂಟು ಒದ್ದೆಯಾಗಿದ್ದರಿಂದ ಚಪ್ಪಲಿಯಲ್ಲಿ ಬಂದ ಹುಡುಗನೊಬ್ಬನನ್ನು ನಾನೇ ಬಾಗಿಲ ಹೊರಗೆ ನಿಲ್ಲಿಸಿದ್ದೆ. ಒಳಗೆ ಭಿನ್ನರಾಶಿಯ ಪಾಠ ನಡೆಯುತ್ತಿತ್ತು, ಅವನು ಬಾಗಿಲ ಸಂದಿಯಿಂದ ಕಪ್ಪುಹಲಗೆಯನ್ನು ನೋಡಿ ಅಂಗೈಯ ಮೇಲೆ ಪೆನ್ನಿನಿಂದ ಲೆಕ್ಕ ಬರೆದುಕೊಳ್ಳುತ್ತಿದ್ದ. ಇಂದಿಗೂ ನನಗೆ ಆ ಅಂಗೈ ನೆನಪಾಗುತ್ತದೆ.

ಒಬ್ಬಳೇ ಮಗಳ ತಂದೆ:
ತಾವು ಮಗುವನ್ನು ಹೊರಗೆ ನಿಲ್ಲಿಸಿದ ತಪ್ಪಿಗೆ ಸಮವಸ್ತ್ರವನ್ನು ಹೊಣೆ ಮಾಡುವುದು ನ್ಯಾಯವಲ್ಲ, ಶಿಕ್ಷಕಿಯವರೇ. ನಿಲ್ಲಿಸದೇ ಇರಬಹುದಿತ್ತು. ಹತ್ತನೆಯ ತರಗತಿಯ ಅಂಕಿಅಂಶಗಳಲ್ಲಿ ನನ್ನ ಮಗಳ ಹೊಟ್ಟೆನೋವು ಕಾಣಿಸುವುದಿಲ್ಲ.

ನಿವೃತ್ತ ಶಿಕ್ಷಕಿ:
ನಿಲ್ಲಿಸದೇ ಇರಬಹುದಿತ್ತು ಎಂಬುದನ್ನು ನಾನು ಪ್ರತಿದಿನ ನನಗೇ ಹೇಳಿಕೊಳ್ಳುತ್ತೇನೆ, ತಾವು ನೆನಪಿಸಬೇಕಾಗಿಲ್ಲ. ಆದರೆ ಕಡ್ಡಾಯ ಎಂಬ ಪದ ನಿಯಮದಲ್ಲಿ ಬಂದ ಮೇಲೆ, ಪಾಲಿಸದ ಮಗುವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಯಾರಾದರೂ ಉತ್ತರಿಸಲೇಬೇಕು. ನಮ್ಮಲ್ಲಿ ಅದಕ್ಕೆ ಬರೆದಿಟ್ಟ ಉತ್ತರವಿರಲಿಲ್ಲ, ಅದನ್ನು ಆಯಾ ದಿನದ ಶಿಕ್ಷಕರ ಸಿಟ್ಟಿಗೆ ಬಿಟ್ಟಿದ್ದರು.

ಹಳೆಯ ವಿದ್ಯಾರ್ಥಿನಿ:
ಸಮವಸ್ತ್ರ ತೊಟ್ಟರೆ ಮಕ್ಕಳೆಲ್ಲ ಸಮಾನರಾಗುತ್ತಾರೆ ಎಂಬ ಮಾತೂ ಸಭೆಯಲ್ಲಿ ಬರಬಹುದು, ಸಮಾನತೆಗಾಗಿಯೇ ಅದು ಹುಟ್ಟಿತು ಎಂಬಂತೆ. ಇಂಗ್ಲೆಂಡಿನಲ್ಲಿ 1552ರಲ್ಲಿ ಬಡಮಕ್ಕಳಿಗಾಗಿ ಸ್ಥಾಪಿಸಿದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲಗಳು ಇಂದಿಗೂ ಇವೆ. ದಾನದ ಹಣದಿಂದ ನಡೆಯುತ್ತಿದ್ದ ಶಾಲೆಗಳಲ್ಲಿ ಅಂತಹ ಉಡುಪು ದಾನದಿಂದ ಬದುಕುವ ಮಗುವಿನ ಗುರುತಾಗಿತ್ತು. ನಾನು ಹನ್ನೆರಡು ವರ್ಷ ಸಮವಸ್ತ್ರ ತೊಟ್ಟವಳು. ನಮ್ಮ ನಡುವೆ ಯಾರು ಉಳ್ಳವರು, ಯಾರು ಇಲ್ಲದವರು ಎಂಬುದು ಷರಟಿನ ಕಾಲರಿನಲ್ಲಿ ಗೊತ್ತಾಗುತ್ತಿತ್ತು. ಪ್ರತಿ ವರ್ಷ ಹೊಸದು ಹೊಲಿಸಿದವರ ಕಾಲರು ಬೆಳ್ಳಗಿರುತ್ತಿತ್ತು. ನನ್ನದು ಸವೆದಾಗ ಅಮ್ಮ ಅದನ್ನು ಬಿಚ್ಚಿ, ತಿರುಗಿಸಿ ಹೊಲಿದಿದ್ದಳು.

ಹೊಲಿಗೆ ಕೆಲಸದವನು:
ಕಾಲರು ತಿರುಗಿಸಿ ಹೊಲಿಯುವುದರಲ್ಲಿ ಅವಮಾನವೇನಿದೆ ತಂಗಿ? ಅದು ಒಳ್ಳೆಯ ಕೈಕೆಲಸ. ಇಪ್ಪತ್ತೆರಡು ವರ್ಷಗಳಿಂದ ಸಮವಸ್ತ್ರ ಹೊಲಿಯುತ್ತಿರುವ ನನ್ನ ಪ್ರಕಾರ ದೋಷವಿರುವುದು ಅಂಚಿನಲ್ಲಿ. ಕೆಳ ಅಂಚಿನಲ್ಲಿ ಮೂರು ಇಂಚು ಬಟ್ಟೆಯನ್ನು ಒಳಮಡಿಸಿದರೆ ಎರಡು ವರ್ಷ ಬಿಚ್ಚಿ ಬಿಚ್ಚಿ ಇಳಿಸಬಹುದು. ಸಿದ್ಧ ಉಡುಪಿನಲ್ಲಿ ಮುಕ್ಕಾಲು ಇಂಚು ಬಿಟ್ಟರೆ ಹೆಚ್ಚು, ಮಗು ಬೆಳೆದ ಕೂಡಲೇ ಅದು ಗುಜರಿಗೆ. ಲಾಂಛನವನ್ನು ಬಟ್ಟೆಗೇ ಕಸೂತಿ ಮಾಡುವ ಬದಲು ಬೇರೆಯಾಗಿ ಕೊಟ್ಟರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೊಲಿಸಬಹುದು. ಇಂಗ್ಲೆಂಡಿನಲ್ಲಿ ಇದಕ್ಕೆಂದೇ 2021ರಲ್ಲಿ ಕಾಯಿದೆ ತಂದು, ಲಾಂಛನವಿರುವ ಉಡುಪುಗಳನ್ನು ಆದಷ್ಟು ಕಡಿಮೆ ಮಾಡಬೇಕು, ಕಾಲಕಾಲಕ್ಕೆ ಟೆಂಡರು ಕರೆಯದೆ ಒಬ್ಬನೇ ಮಾರಾಟಗಾರನೊಡನೆ ಒಪ್ಪಂದ ಬೇಡ ಎಂದು ಶಾಲೆಗಳಿಗೆ ಸೂಚನೆ ಕೊಟ್ಟಿದ್ದಾರೆ.

ಹಳೆಯ ವಿದ್ಯಾರ್ಥಿನಿ:
ನಾನು ಅಮ್ಮನ ಹೊಲಿಗೆಯನ್ನು ಅವಮಾನವೆಂದು ಬರೆದಿಲ್ಲ. ಬೇರೆಯವರಿಗೆ ಅದು ಕಾಣುತ್ತಿತ್ತು ಎಂದು ಬರೆದಿದ್ದೇನೆ. ದಯವಿಟ್ಟು ಓದಿ ಉತ್ತರಿಸಿ.

ಮೂವರು ಮಕ್ಕಳ ತಾಯಿ:
ಮೂರು ಇಂಚು ಇಳಿಸಿದರೆ ಹಳೆಯ ಮಡಿಕೆಯ ಗೆರೆ ಹೋಗುತ್ತದೆಯೇ? ನಾನು ನೀರು ಚಿಮುಕಿಸಿ ಇಸ್ತ್ರಿ ಹಾಕಿದೆ, ಸೀಮೆಸುಣ್ಣ ತಿಕ್ಕಿದೆ, ಗೆರೆ ಹೋಗಲಿಲ್ಲ. ಬಣ್ಣ ಮಾಸಿದ ಬಟ್ಟೆಯಲ್ಲಿ ಅದು ಪಟ್ಟಿ ಹೊಡೆದಂತೆ ಕಾಣುತ್ತದೆ.

ಹೊಲಿಗೆ ಕೆಲಸದವನು:
ಸೀಮೆಸುಣ್ಣದಿಂದ ಹೋಗುವುದಿಲ್ಲ, ಅಮ್ಮ. ಗೆರೆಯ ಮೇಲೆ ಅದೇ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಓಡಿಸಬೇಕು, ಆಗ ಅದು ವಿನ್ಯಾಸದಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪಟ್ಟಿ, ಲಾಂಛನ, ಪಾಲಿಸದ ಮಗುವಿನ ಬಗ್ಗೆ ಏನು ಮಾಡುತ್ತಾರೆ ಎಂಬ ಮೂರನ್ನೂ ಲಿಖಿತವಾಗಿ ಕೇಳುತ್ತೇನೆ. ಉತ್ತರ ಬಾರದೆ ಒಪ್ಪಿಗೆ ಕೊಡುವುದಿಲ್ಲ. ಮಗಳ ದದ್ದಿನ ವಿಷಯ ಯಾರೂ ಹೇಳಲಿಲ್ಲ.

ಹೊಲಿಗೆ ಕೆಲಸದವನು:
ಕ್ಷಮಿಸಿ, ಮಾತಿನ ಭರದಲ್ಲಿ ಮರೆತೆ. ಹೆಚ್ಚಿನ ಸಮವಸ್ತ್ರದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಪಾಲೇ ಜಾಸ್ತಿ, ಹತ್ತಿ ಕಡಿಮೆ. ಅದೇ ಬಣ್ಣದ ಪೂರ್ಣ ಹತ್ತಿ ಬಟ್ಟೆ ನಡೆಯುತ್ತದೆಯೇ ಎಂದು ಮೊದಲು ಕೇಳಿ. ಒಪ್ಪದಿದ್ದರೆ ಕಾಲರಿನ ಒಳಬದಿಗೆ ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಪಟ್ಟಿ ಹೊಲಿಸಿ, ಕತ್ತಿನ ಬಳಿಯ ಅಳತೆಯ ಚೀಟಿಯನ್ನು ಕತ್ತರಿಸದೆ ಹೊಲಿಗೆ ಬಿಚ್ಚಿ ಪೂರ್ತಿ ತೆಗೆಸಿ. ಕತ್ತರಿಸಿದರೆ ಉಳಿಯುವ ತುಣುಕೇ ಚುಚ್ಚುತ್ತದೆ. ಹೊಸ ಬಟ್ಟೆಯನ್ನು ಎರಡು ಸಲವಾದರೂ ಒಗೆದ ಮೇಲೆಯೇ ತೊಡಿಸಿ.