ವಿಷುಯಲ್ ಫಾಕ್ಸ್‌ಪ್ರೊ ಚೆಕ್‌ರೋಲ್ ಹೊಸ ಎಕ್ಸೆಲ್‌ನಲ್ಲಿ ತೆರೆಯುತ್ತಿಲ್ಲ

ಸಿದ್ದಾಪುರ ರೈಟರ್:
ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ), ಕುಯ್ಲಿನ ಕೆಜಿ ಲೆಕ್ಕ, ಮುಂಗಡ ಎಲ್ಲವೂ ಹಳೆಯ ಡೇಟಾಬೇಸ್ ತಂತ್ರಾಂಶ ವಿಷುಯಲ್ ಫಾಕ್ಸ್‌ಪ್ರೊ 6ರ ಡಿಬಿಎಫ್ ಎಂಬ ಡೇಟಾ ಕಡತಗಳಲ್ಲಿವೆ. ಷರಾ ಅಂಕಣ ಮೆಮೊ, ಅಂದರೆ ಉದ್ದ ಟಿಪ್ಪಣಿ ಹಿಡಿಸುವ ಬಗೆಯದು. ವರದಿಗಳು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 97ರಲ್ಲಿ. ಹೊಸ ಕಂಪ್ಯೂಟರ್‌ನಲ್ಲಿ 64 ಬಿಟ್ ಆಫೀಸ್ ಇದೆ, ಎರಡನ್ನೂ ಅದು ಒಪ್ಪುತ್ತಿಲ್ಲ. ಆಳುಗಳ ಹೆಸರು ಕನ್ನಡ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದ್ದು. ರೊಬಸ್ಟಾ ಕುಯ್ಲಿಗೆ ಮೊದಲು ಮುಗಿಸಬೇಕು. ಈ ಕಡತಗಳನ್ನು ಎಕ್ಸೆಲ್‌ಗೆ ಓದಿಸಲು ಯಾವ ಡ್ರೈವರ್ (ನಡುವಿನ ತಂತ್ರಾಂಶ) ಹಾಕಲಿ?

ಮಡಿಕೇರಿ ಡೇಟಾ:
ಡ್ರೈವರ್ ಹುಡುಕಬೇಡಿ ಸರ್. ಫಾಕ್ಸ್‌ಪ್ರೊದ ಓಎಲ್‌ಇಡಿಬಿ ಡ್ರೈವರ್ 32 ಬಿಟ್‌ನದ್ದು ಮಾತ್ರ, 64 ಬಿಟ್ ಎಕ್ಸೆಲ್‌ಗೆ ಅದು ಕಾಣುವುದೇ ಇಲ್ಲ. ಫಾಕ್ಸ್‌ಪ್ರೊಗೆ ಬೆಂಬಲ 2015ರ ಜನವರಿಗೇ ನಿಂತಿದೆ. ಹಳೆಯ ಕಂಪ್ಯೂಟರ್ ಓಡುತ್ತಿರುವಾಗಲೇ ಅದರಲ್ಲೇ ಡೇಟಾವನ್ನು ಸಿಎಸ್‌ವಿಗೆ (ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸಿದ ಸರಳ ಪಠ್ಯ ಕಡತಕ್ಕೆ) ಇಳಿಸಿ.

ಮೊದಲು ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಡಿಬಿಎಫ್ ಜೊತೆ ಎಫ್‌ಪಿಟಿ ಕಡತವೂ ಬರಬೇಕು, ಷರಾ ಇರುವುದು ಅದರಲ್ಲೇ. ಫಾಕ್ಸ್‌ಪ್ರೊ ಕಮಾಂಡ್ ಕಿಟಕಿಯಲ್ಲಿ 'ಸೆಟ್ ಡಿಲೀಟೆಡ್ ಆನ್' ಕೊಡಿ. ಅಳಿಸಿದ ಸಾಲಿಗೆ ಡಿಬಿಎಫ್ ಬರೀ ಗುರುತು ಹಾಕಿರುತ್ತದೆ, 'ಪ್ಯಾಕ್' ಮಾಡುವವರೆಗೆ ಸಾಲು ಒಳಗೇ ಇರುತ್ತದೆ. ಇದನ್ನು ಮರೆತರೆ ಬಿಟ್ಟುಹೋದ ಆಳುಗಳೆಲ್ಲ ಹೊಸ ಪಟ್ಟಿಗೆ ಬಂದುಬಿಡುತ್ತಾರೆ.

ಇಳಿಸಲು ಬಳಸುವ 'ಕಾಪಿ ಟು' ಆದೇಶ ಮೆಮೊ ಅಂಕಣವನ್ನು ಸಿಎಸ್‌ವಿಗೆ ಬರೆಯುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಹಾಗಾಗಿ ಮೊದಲು 'ಸೆಲೆಕ್ಟ್' ಬರೆದು ಷರಾವನ್ನು 'ಸಬ್‌ಸ್ಟ್ರ್' (SUBSTR) ಮೂಲಕ 254 ಅಕ್ಷರದ ತುಂಡುಗಳಾಗಿ ಸಾಮಾನ್ಯ ಅಂಕಣಗಳಿಗೆ ಇಳಿಸಿ. ಅಕ್ಷರ ಅಂಕಣದ ಮಿತಿ ಅಷ್ಟೇ. ಒಳಗಿನ ಸಾಲು ಮುರಿತಗಳನ್ನೂ ತೆಗೆಯಿರಿ, ಇಲ್ಲವಾದರೆ ಒಂದು ದಾಖಲೆ ಎರಡು ಸಾಲಾಗುತ್ತದೆ. ದಿನಾಂಕವನ್ನು 'ಡಿಟಿಒಎಸ್' ಮೂಲಕ 8 ಅಂಕಿಗೆ ತನ್ನಿ, ಆಗ ಜೂನ್ 5 ಮತ್ತು ಮೇ 6 ಅದಲುಬದಲಾಗುವ ಭಯವಿಲ್ಲ.

ಪೊನ್ನಂಪೇಟೆ ಲೆಕ್ಕ:
ಆಕ್ಸೆಸ್ 97 ಕಡತವನ್ನು 2013 ಮತ್ತು ನಂತರದ ಆವೃತ್ತಿಗಳು ತೆರೆಯುವುದಿಲ್ಲ. ಆಕ್ಸೆಸ್ 2010 ಇರುವ ಕಂಪ್ಯೂಟರ್ ಸಿಕ್ಕರೆ ಅಲ್ಲಿ ಪರಿವರ್ತಿಸಿಕೊಳ್ಳಿ. ಆದರೆ ಆ ಎಂಡಿಬಿಯೊಳಗೆ (ಆಕ್ಸೆಸ್ ಕಡತದೊಳಗೆ) ಬರೀ ಡಿಬಿಎಫ್‌ಗೆ ಕೊಂಡಿಗಳೂ ಕ್ವೆರಿಗಳೂ (ಡೇಟಾ ಆರಿಸುವ ಆದೇಶಗಳು) ಇರಬಹುದು, ಮೊದಲು ನೋಡಿ. ಹಾಗಿದ್ದರೆ ಕ್ವೆರಿಗಳ ಪಠ್ಯ ನಕಲಿಸಿಕೊಂಡರೆ ಸಾಕು.

ನುಡಿ ಹೆಸರುಗಳ ವಿಷಯದಲ್ಲಿ ಅವಸರ ಬೇಡ. ಹಳೆಯ ನುಡಿ ಯುನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಅಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಆಕಾರ ಕೂರಿಸಿದ ಫಾಂಟ್. ಸಿಎಸ್‌ವಿ ತೆರೆಯುವಾಗ ಅಕ್ಷರ ಸಂಕೇತಗಳ ಪಟ್ಟಿಯಾಗಿ ವಿಂಡೋಸ್ 1252 ಆರಿಸಿ. ಡಾಸ್ ಕಾಲದ 437 ಅಥವಾ 850 ಆರಿಸಿದರೆ ಸಂಕೇತಗಳೇ ಬದಲಾಗುತ್ತವೆ, ಆಮೇಲೆ ಯಾವ ಪರಿವರ್ತಕಕ್ಕೂ ಹೆಸರು ಸಿಗುವುದಿಲ್ಲ. ಪರದೆಯಲ್ಲಿ ವಿಚಿತ್ರ ಅಕ್ಷರ ಕಂಡರೆ ಗಾಬರಿಯಾಗಬೇಡಿ. ನುಡಿ ಫಾಂಟ್ ಹಾಕಿದಾಗ ಸರಿಯಾಗಿ ಓದಿದರೆ ಡೇಟಾ ಕ್ಷೇಮ.

ಸಿದ್ದಾಪುರ ರೈಟರ್:
ಹಾಗಾದರೆ ಇಡೀ ಕಡತವನ್ನು ಒಮ್ಮೆಗೇ ಯುನಿಕೋಡ್‌ಗೆ ಪರಿವರ್ತಿಸಬಹುದೇ?

ಪೊನ್ನಂಪೇಟೆ ಲೆಕ್ಕ:
ಖಂಡಿತ ಬೇಡ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ನ ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗಿಬಿಡುತ್ತವೆ. ಹೆಸರು, ಊರು, ಷರಾ ಅಂಕಣಗಳನ್ನಷ್ಟೇ ಪರಿವರ್ತಿಸಿ, ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಉಳಿಸಿ. ಷರಾದ ತುಂಡುಗಳನ್ನು ಮೊದಲು ಜೋಡಿಸಿ, ಒತ್ತಕ್ಷರದ ನಡುವೆ ಕತ್ತರಿಸಿರಬಹುದು. ಎಕ್ಸೆಲ್‌ನಲ್ಲಿ ಕಡತವನ್ನು ಡಬಲ್ ಕ್ಲಿಕ್ ಮಾಡದೆ ಡೇಟಾ ಮೆನುವಿನಿಂದ ತನ್ನಿ, ಆಳಿನ ನಂಬರ್ ಅಂಕಣವನ್ನು 'ಪಠ್ಯ' ಎಂದು ಗುರುತಿಸಿ. ಇಲ್ಲದಿದ್ದರೆ 0042 ಹೋಗಿ 42 ಆಗುತ್ತದೆ, ಮುಂಗಡದ ಪಟ್ಟಿಗೆ ತಾಳೆಯಾಗುವುದಿಲ್ಲ.

ಮಡಿಕೇರಿ ಡೇಟಾ:
ಕೊನೆಗೆ ಪ್ರತಿ ಕಡತದ ಸಾಲುಗಳ ಸಂಖ್ಯೆ, ವರ್ಷವಾರು ಕೆಜಿ ಮೊತ್ತ, ಮುಂಗಡದ ಬಾಕಿ ಮೂರನ್ನೂ ಎರಡೂ ಕಡೆ ಹೋಲಿಸಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕಡತ ತೆರೆದಿದ್ದರೆ ಡಿಬಿಎಫ್ ತಲೆಬರಹದ ಎಣಿಕೆಗೂ ಒಳಗಿನ ಸಾಲುಗಳಿಗೂ ವ್ಯತ್ಯಾಸ ಬಂದಿರಬಹುದು. ಒಂದು ಸಾಲು ಕಡಿಮೆ ಬಂದರೂ ಆ ವರ್ಷದ ಕಾಗದದ ಚೆಕ್‌ರೋಲ್ ತೆಗೆದು ನೋಡಿ. ಒಂದು ಕುಯ್ಲು ಮುಗಿಯುವವರೆಗೆ ಹಳೆಯ ಕಂಪ್ಯೂಟರ್ ಅಳಿಸಬೇಡಿ.