ಭುಜ ಪದೇಪದೇ ಜಾರುತ್ತೆ: ಬಿಗಿ ಮಾಡಿಸಿದ್ರೆ ಕೈ ಪೂರ್ತಿ ಏಳುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 22 ವರ್ಷ. ಕಬಡ್ಡಿ ಆಡ್ತಾನೆ, ವಾಲಿಬಾಲ್‌ನಲ್ಲಿ ಸ್ಮ್ಯಾಶ್ ಹೊಡೆಯೋನೂ ಅವನೇ. ಬಲಭುಜ ನಾಲ್ಕೈದು ಸಲ ಜಾರಿದೆ, ಈಗ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ್ರೂ ಜಾರುತ್ತೆ. ಎಂಆರ್‌ಐ ನೋಡಿ ಒಬ್ಬರು ಕೀಹೋಲ್‌ನಲ್ಲಿ ಹೊಲಿಗೆ ಸಾಕು ಅಂದ್ರು, ಇನ್ನೊಬ್ಬರು ಮೂಳೆ ಕೂರಿಸಬೇಕು ಅಂದ್ರು. ಯಾವುದು ಗಟ್ಟಿಯೋ ಅದನ್ನೇ ಮಾಡಿಸೋಣ ಅಂತಾರೆ ಅಪ್ಪ. ಸರೀನಾ?

ಉತ್ತರ (ಮೂಳೆ ತಜ್ಞರು): ಬರೀ ಗಟ್ಟಿ ಮಾಡೋದು ದೊಡ್ಡ ವಿಷಯ ಅಲ್ಲ. ಹಿಂದೆ ಪುಟ್ಟಿ-ಪ್ಲಾಟ್ ಅಂತ ಒಂದು ಆಪರೇಷನ್ ಇತ್ತು, ಭುಜದ ಮುಂದಿನ ಸ್ನಾಯುವನ್ನ ಗಿಡ್ಡ ಮಾಡಿ ಹೊಲಿಯೋರು. ಜಾರೋದು ನಿಲ್ತಿತ್ತು, ಕೈ ಹೊರಕ್ಕೆ ತಿರುಗೋದೂ ನಿಲ್ತಿತ್ತು. ತೀರಾ ಬಿಗಿಯಾದವರಿಗೆ ವರ್ಷಗಳು ಕಳೆದ ಮೇಲೆ ಕೀಲೇ ಸವೆದುಹೋಗ್ತಿತ್ತು. ಸ್ಮ್ಯಾಶ್ ಹೊಡೆಯೋನಿಗೆ ಆ ಹೊರತಿರುವೇ ಬಂಡವಾಳ.

ಭುಜದ ಕೀಲು ಅಂದ್ರೆ ಬಸಿಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅಂಚಿನ ಮೆದು ಪಟ್ಟಿ, ಅಂದ್ರೆ ಲೇಬ್ರಮ್, ಮಾತ್ರ ಕಿತ್ತಿದ್ರೆ ಆಂಕರ್, ಅಂದ್ರೆ ದಾರ ಕಟ್ಟಿದ ಪುಟ್ಟ ಮೊಳೆ, ಮೂಳೆಗೆ ಹಾಕಿ ಹೊಲಿದರೆ ಆಯ್ತು. ಅದು ಬ್ಯಾಂಕಾರ್ಟ್ ರಿಪೇರಿ. ಅಂಚಿನ ಮೂಳೆಯೇ ಶೇ. 20–25ರಷ್ಟು ಹೋಗಿದ್ರೆ ಹೊಲಿಗೆ ನಂಬೋಕಾಗಲ್ಲ. ಆಗ ಲಟಾರ್ಜೆ: ಹೆಗಲ ಮೂಳೆಯಿಂದ ಮುಂದಕ್ಕೆ ಕೊಕ್ಕೆಯಂತೆ ಚಾಚಿದ ಕೊರಕಾಯ್ಡ್ ಮೂಳೆಯ ತುದಿಯನ್ನ ಅದಕ್ಕಂಟಿದ ಸ್ನಾಯುವಿನ ಸಮೇತ ತಂದು ಅಂಚಿಗೆ ಸ್ಕ್ರೂ ಹಾಕಿ ಕೂರಿಸೋದು. ಕೈ ಎತ್ತಿ ಹೊರಕ್ಕೆ ತಿರುಗಿಸಿದಾಗ ಆ ಸ್ನಾಯು ಅಡ್ಡ ನಿಂತು ತಡೆಯುತ್ತೆ. ಆದ್ರೆ ನರಗಳು ಪಕ್ಕದಲ್ಲೇ ಇರ್ತವೆ, ಕೈ ಪಳಗಿದವರ ಹತ್ರವೇ ಮಾಡಿಸಿ. ಕಬಡ್ಡಿಯಂಥ ಮೈಮೇಲೆ ಬೀಳೋ ಆಟದ ಹುಡುಗರಿಗೆ ಹೊಲಿಗೆ ಮತ್ತೆ ಬಿಡೋದು ಹೆಚ್ಚು, ಅದಕ್ಕೇ ಮೂಳೆ ಇಷ್ಟು ಹೋಗದಿದ್ರೂ ಕೆಲವರು ಲಟಾರ್ಜೆ ಕಡೆ ವಾಲ್ತಾರೆ. ನಾನೂ ಅದೇ ಪೈಕಿ.

ಇನ್ನೊಂದು, ತೋಳಿನ ಮೂಳೆಯ ದುಂಡು ತಲೆಯ ಹಿಂಭಾಗದಲ್ಲಿ ಗುಳಿ ಬಿದ್ದಿದ್ರೆ ಅದರೊಳಗೆ ಹಿಂದಿನ ಸ್ನಾಯು ಸೇರಿಸಿ ಹೊಲಿಯೋ ರೆಂಪ್ಲಿಸಾಜ್ ಇದೆ. ಭುಜ ನಿಲ್ಲುತ್ತೆ, ಹೊರತಿರುವು ಸ್ವಲ್ಪ ಕೈಬಿಡುತ್ತೆ. ಇವನಿಗೆ ಎರಡು ಸಲ ಯೋಚಿಸಬೇಕು.

ಮೊದಲು 3ಡಿ ಸಿಟಿ ಮಾಡಿಸಿ. ಮೂಳೆ ಎಷ್ಟು ಹೋಗಿದೆ ಅಂತ ಅಳೆಯದೆ ಇಬ್ಬರಲ್ಲಿ ಯಾರು ಸರಿ ಅಂತ ಹೇಳೋಕೆ ಬರಲ್ಲ.

ಮತ್ತೊಬ್ಬ ಸದಸ್ಯರು: ಫಿಸಿಯೋಥೆರಪಿಯಲ್ಲೇ ಸರಿ ಹೋಗಲ್ವಾ ಸರ್?

ಉತ್ತರ: ಸ್ನಾಯು ಬಲವಾಗುತ್ತೆ, ಹೋದ ಮೂಳೆ ಬರಲ್ಲ. ನಿದ್ದೆಯಲ್ಲೂ ಜಾರೋ ಭುಜಕ್ಕೆ ಅದೊಂದೇ ಸಾಲದು.

ಪ್ರಶ್ನೆ ಕೇಳಿದವರು: ಮತ್ತೆ ಮ್ಯಾಟ್‌ಗೆ ಯಾವಾಗ ಇಳೀಬಹುದು?

ಉತ್ತರ: ಕೆಲವು ವಾರ ಸ್ಲಿಂಗ್, ಆಮೇಲೆ ವ್ಯಾಯಾಮ. ಕಬಡ್ಡಿಗೆ ಸುಮಾರು ಆರು ತಿಂಗಳು, ಅದೂ ಎರಡೂ ಭುಜದ ಬಲ ಹೋಲಿಸಿ ನೋಡಿದ ಮೇಲೆ. ಅಂದಹಾಗೆ ನಿದ್ದೆಯಲ್ಲಿ ಜಾರುತ್ತೆ ಅಂದ್ರಲ್ಲ, ಅವನಿಗೆ ಫಿಟ್ಸ್ ಏನಾದ್ರೂ ಬಂದಿದ್ದುಂಟಾ? ಇದ್ರೆ ಮೊದಲು ಅದು ಹತೋಟಿಗೆ ಬರಬೇಕು, ಆಪರೇಷನ್ ಆಮೇಲೆ.

ಪ್ರಶ್ನೆ ಕೇಳಿದವರು: ಇಲ್ಲ ಡಾಕ್ಟ್ರೇ. ಸಿಟಿ ಮಾಡಿಸಿ ಇಲ್ಲೇ ಹಾಕ್ತೀನಿ.