ಮಸ್ಕತ್‌ನಲ್ಲಿ ಮೂರೇ ದಿನ: ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ (ಉಡುಪಿಯ ಸದಸ್ಯೆ): ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮನ ಜೊತೆ ಮಸ್ಕತ್‌ಗೆ ಹೊರಟಿದ್ದೇವೆ. ಅಪ್ಪನಿಗೆ ಇತಿಹಾಸದ ಹುಚ್ಚು. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯುವುದಕ್ಕಾಗುವುದಿಲ್ಲ. ದುಬೈ ನೋಡಿ ಬಂದವರು "ಅಲ್ಲೇನಿದೆ ಮಣ್ಣು" ಅನ್ನುತ್ತಾರೆ. ಅಲ್ಲಿ ಟೂರ್ ಕೆಲಸದಲ್ಲಿರುವವರು ಯಾರಾದರೂ ಹೇಳುತ್ತೀರಾ?

ಉತ್ತರ: ದುಬೈಯನ್ನು ತಲೆಯಲ್ಲಿಟ್ಟುಕೊಂಡು ಬಂದರೆ ನಿಜಕ್ಕೂ ಏನೂ ಇಲ್ಲ ಮೇಡಂ. ಮುಗಿಲು ಮುಟ್ಟುವ ಕಟ್ಟಡಗಳಿಲ್ಲ. ತಗ್ಗು ತಗ್ಗಾದ ಬಿಳಿ ಮನೆಗಳು, ಅವುಗಳ ಬೆನ್ನಿಗೇ ಕಪ್ಪುಬೆಲ್ಲದ ಬಣ್ಣದ ಬೋಳು ಬೆಟ್ಟ. ಆ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು.

ಬಂದವರೆಲ್ಲ ಮೊದಲು ಮಾಲ್‌ಗೆ ಹೋಗುತ್ತಾರೆ. ನೀವು ಮೊದಲ ದಿನ ಬೆಳಿಗ್ಗೆ ಹಳೆಯ ಮಸ್ಕತ್‌ನ ಬಂದರಿಗೆ ಹೋಗಿ. ಈಗಿನ ಊರು ಕಡಲಗುಂಟ ಸೀಬ್‌ವರೆಗೆ ಹಬ್ಬಿದೆ, ಆದರೆ ಹುಟ್ಟಿದ್ದು ಈ ಪುಟ್ಟ ಕೊಲ್ಲಿಯಲ್ಲಿ. ಸುತ್ತ ಬೆಟ್ಟ, ಮುಂದೆ ಆಳದ ನೀರು. ಹಾಯಿಹಡಗಿಗೆ ಇನ್ನೇನು ಬೇಕು? ಅದಕ್ಕೇ 1507ರಲ್ಲಿ ಪೋರ್ಚುಗೀಸರು ಬಂದು ಹಿಡಿದರು. ಕೊಲ್ಲಿಯ ಎರಡೂ ಬದಿಯ ಬಂಡೆಗಳ ಮೇಲೆ ಜಲಾಲಿ, ಮಿರಾನಿ ಕೋಟೆಗಳು ಕಾಣುತ್ತವಲ್ಲ, ಅವನ್ನು 1580ರ ದಶಕದಲ್ಲಿ ಕಟ್ಟಿಸಿದವರೂ ಅವರೇ. 1650ರಲ್ಲಿ ಒಮಾನಿಗಳು ಅವರನ್ನು ಓಡಿಸಿದರು. ಎರಡು ಕೋಟೆಗಳ ನಡುವೆ ನೀಲಿ, ಚಿನ್ನದ ಬಣ್ಣದ ಕಂಬಗಳ ಅಲ್ ಆಲಂ ಅರಮನೆ ಇದೆ. ಒಳಗೆ ಬಿಡುವುದಿಲ್ಲ, ಹೊರಗಿನಿಂದ ಫೋಟೋ ಅಷ್ಟೇ. ಎದುರಿಗೇ ನ್ಯಾಷನಲ್ ಮ್ಯೂಸಿಯಂ. ಅಪ್ಪನನ್ನು ಅಲ್ಲಿ ಬಿಟ್ಟರೆ ಮಧ್ಯಾಹ್ನದವರೆಗೆ ಹೊರಬರುವುದಿಲ್ಲ ಬಿಡಿ!

1970ರವರೆಗೂ ಹಳೆಯ ಊರಿನ ಬಾಗಿಲನ್ನು ರಾತ್ರಿ ಮುಚ್ಚುತ್ತಿದ್ದರು. ಆಮೇಲೆ ಬೀದಿಗಿಳಿಯುವವರ ಕೈಯಲ್ಲಿ ಲಾಟೀನು ಇರಲೇಬೇಕಿತ್ತು. ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ ಆ ಪದ್ಧತಿ ಹೋಯಿತು.

ಪ್ರಶ್ನೆ (ಮಂಗಳೂರಿನ ಸದಸ್ಯ): ನಮ್ಮ ಬಂದರಿನಿಂದ ಮಸ್ಕತ್‌ಗೆ ಅಕ್ಕಿ ಹೋಗುತ್ತಿತ್ತು ಅಂತ ಅಜ್ಜ ಹೇಳುತ್ತಿದ್ದರು. ನಿಜವಾ ಅಣ್ಣಾ, ಸುಮ್ನೆ ಕಥೆಯಾ?

ಉತ್ತರ: ಕಥೆಯಲ್ಲ. ಮಂಗಳೂರಿನ ಅಕ್ಕಿಗೆ ಇಲ್ಲಿ ದೊಡ್ಡ ಗಿರಾಕಿ ಇತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಗಂಧ, ಮೆಣಸು, ಏಲಕ್ಕಿ ಎಲ್ಲ ಅಲ್ಲಿಗೆ ಬರುತ್ತಿತ್ತು. ಕಛ್‌ನ ವ್ಯಾಪಾರಿಗಳು ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದಾರೆ. ಅರಮನೆಯಿಂದ ಸ್ವಲ್ಪ ದೂರದಲ್ಲೇ ಹಳೆಯ ಶಿವನ ಗುಡಿ ಇದೆ. ಜೇಬಿನಲ್ಲೂ ಗುರುತು ಸಿಗುತ್ತದೆ ನೋಡಿ: ಒಂದು ರಿಯಾಲ್‌ಗೆ 1000 ಬೈಸಾ. ನಮ್ಮ ಪೈಸೆಯೇ ಅದು! 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಹೊರಡಿಸಿದ ರೂಪಾಯಿ ಇಲ್ಲಿ 1970ರವರೆಗೂ ಓಡಿತು.

ಪ್ರಶ್ನೆ (ಉಡುಪಿಯ ಸದಸ್ಯೆ): ದೊಡ್ಡ ಮಸೀದಿಗೆ ನಾವು ಹೋಗಬಹುದಾ?

ಉತ್ತರ: ಧಾರಾಳವಾಗಿ. ಆದರೆ ಸುಲ್ತಾನ್ ಕಾಬೂಸ್ ಗ್ರ್ಯಾಂಡ್ ಮಸೀದಿಯಲ್ಲಿ ಮುಸ್ಲಿಮೇತರರಿಗೆ ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ ಪ್ರವೇಶ, ಶುಕ್ರವಾರ ಇಲ್ಲ. ಒಮ್ಮೆ ನಾನೇ ತಿಂಡಿ ಮುಗಿಸಿಕೊಂಡು ಹೊರಡೋಣ ಅಂತ ಒಂದು ಕುಟುಂಬವನ್ನು ತಡಮಾಡಿಸಿ, ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದೆ. ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು, ಕೈಕಾಲು ಪೂರ್ತಿ ಮುಚ್ಚಿರಬೇಕು. 2001ರಲ್ಲಿ ತೆರೆದ ಈ ಮಸೀದಿಗೆ ಸುಮಾರು 3 ಲಕ್ಷ ಟನ್ ಮರಳುಗಲ್ಲು ಬಂದಿದ್ದು ಭಾರತದಿಂದ. ಒಳಗೆ ಇರಾನಿನ ನೇಕಾರರು ಕೈಯಲ್ಲಿ ಹೆಣೆದ ಒಂದೇ ಕಾರ್ಪೆಟ್: 21 ಟನ್ ತೂಕ, 170 ಕೋಟಿ ಗಂಟು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ವಾದಿಗಳಲ್ಲಿ, ಅಂದರೆ ಬೆಟ್ಟದ ನಡುವಿನ ಹಳ್ಳಗಳಲ್ಲಿ, ಈಜಬಹುದು ಅನ್ನುತ್ತಾರಲ್ಲ?

ಉತ್ತರ: ವಾದಿ ಶಾಬ್ ಚೆಂದವೇ, ಆದರೆ ಕಲ್ಲಿನ ಮೇಲೆ ಮುಕ್ಕಾಲು ಗಂಟೆ ನಡೆಯಬೇಕು. ಮಂಡಿನೋವಿನವರಿಗೆ ಬೇಡ. ಮೋಡ ಕಂಡರೆ ಯಾರಿಗೂ ಬೇಡ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೂ ಒಣ ಹಳ್ಳಕ್ಕೆ ಗಳಿಗೆಯಲ್ಲಿ ನೆರೆ ಬರುತ್ತದೆ.

ಅಮ್ಮನಿಗೆ ಮತ್ರಾ ಸೂಕ್, ಅಂದರೆ ಮತ್ರಾದ ಹಳೆಯ ಸಂತೆ, ಸಾಕು. ಮಧ್ಯಾಹ್ನ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಸಂಜೆ ಹೋಗಿ. ಬಿಸಿಲು ಇಳಿಯದ ಓಣಿಗಳಾದ್ದರಿಂದ ಅದಕ್ಕೆ ಕತ್ತಲೆ ಸಂತೆ ಅಂತಲೇ ಹೆಸರು. ಅಲ್ಲಿ ಲುಬಾನ್ ಕೇಳಿ, ನಮ್ಮ ಲೋಬಾನ ಅನ್ನುವ ಮಾತಿನ ಮೂಲ ಅದೇ. ಒಮಾನ್‌ನ ದಕ್ಷಿಣದ ದೊಫಾರ್ ಪ್ರಾಂತ್ಯದ ಮರದ ಅಂಟು. ಅಂಗಡಿಯವನು ಕೆಂಡದ ಮೇಲೆ ಒಂದು ಹರಳು ಹಾಕಿ ತೋರಿಸುತ್ತಾನೆ, ಮೊದಲು ಚಟ್ ಅನ್ನುತ್ತದೆ, ಆಮೇಲೆ ನಿಂಬೆಸಿಪ್ಪೆಯಂಥ ಘಮ. ಬೆಳ್ಳಗೆ, ತುಸು ಹಸಿರು ಛಾಯೆ ಇರುವುದನ್ನೇ ಆರಿಸಿ. ಕಂದು ಬಣ್ಣದ್ದು ಅಗ್ಗ. ಚೌಕಾಸಿಗೆ ಅಮ್ಮನನ್ನೇ ಮುಂದೆ ಬಿಡಿ, ಅಂಗಡಿಯವರಿಗೆ ಹಿಂದಿ ಬರುತ್ತದೆ.